ನಾಯಿಯ ಕಾಲ್ಬೆರಳು ಮುರಿದರೆ: ಪಟ್ಟಿ, ಸ್ಪ್ಲಿಂಟ್, ಕಾಸ್ಟ್, ಕೋನ್ ಎಲ್ಲ ಹಾಕಿ ನೋಡಿದ ಮೇಲೆ

ಎಕ್ಸ್‌ರೇ ಆಗಿ ಬೆರಳು ಮುರಿದಿದೆ ಅಂತ ಗೊತ್ತಾದ ಮೇಲೆ ಅಸಲಿ ಕೆಲಸ ಶುರುವಾಗುವುದು ಮನೆಯಲ್ಲಿ. ಕಾಲಿಗೆ ಯಾವ ಕಟ್ಟು, ಕಟ್ಟನ್ನು ನೆಕ್ಕದಂತೆ, ಕಚ್ಚದಂತೆ ಕುತ್ತಿಗೆಗೆ ಯಾವ ಕೋನ್, ಹೊರಗೆ ಹೋಗುವಾಗ ಯಾವ ಕವರ್, ಎಲ್ಲಿ ಕೂಡಿಹಾಕುವುದು, ಒಂದೊಂದಕ್ಕೂ ನಾಲ್ಕು ಆಯ್ಕೆ. ನಮ್ಮ ಬ್ರೂನೋ ಉದ್ದ ಮೂತಿಯ, ಮಧ್ಯಮ ಗಾತ್ರದ, ಒಂದು ಕಡೆ ಕೂರದ ನಾಯಿ. ಮುಂಗಾಲಿನ ನಡುಬೆರಳು ಮುರಿದುಕೊಂಡ. ಅವನ ದೆಸೆಯಿಂದ ಇವೆಲ್ಲದರಲ್ಲೂ ಬಹುಪಾಲು ಬಳಸಿ ನೋಡಿದಂತಾಯಿತು.

ಹೋಲಿಸುವಾಗ ನಾನು ಇಟ್ಟುಕೊಂಡ ಪ್ರಶ್ನೆ ಒಂದೇ. ಒಳಗೆ ಏನಾದರೂ ಕೆಟ್ಟರೆ ನನಗೆ ಎಷ್ಟು ಬೇಗ ಗೊತ್ತಾಗುತ್ತದೆ? ಯಾಕಂದ್ರೆ ಬೆರಳಿನ ಸಣ್ಣ ಮೂಳೆ ಸಾಮಾನ್ಯವಾಗಿ ತನ್ನ ಪಾಡಿಗೆ ಕೂಡಿಕೊಳ್ಳುತ್ತದೆ. ನಡುವೆ ಕಾಟ ಕೊಡುವುದು ಹೆಚ್ಚಾಗಿ ಕಟ್ಟೇ. ಬಿಗಿಯಾಗಿ ಊದಿಕೊಳ್ಳುವುದು, ಒದ್ದೆಯಾಗಿ ಕೊಳೆಯುವುದು, ಉಜ್ಜಿ ಹುಣ್ಣಾಗುವುದು.

ಮೊದಲು ಯಾವ ಬೆರಳು ಅಂತ ಕೇಳಿಕೊಳ್ಳಿ. ನಾಯಿಯ ಪಂಜದಲ್ಲಿ ನೆಲಕ್ಕೆ ಊರುವ ಬೆರಳು ನಾಲ್ಕು, ಒಂದೊಂದರಲ್ಲೂ ಮೂರು ಮೂಳೆ. ಇದರಲ್ಲಿ ನಡುವಿನ ಎರಡು ಬೆರಳುಗಳ ಮೇಲೆ ಭಾರ ಜಾಸ್ತಿ. ಮೈಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೇ ಬೀಳುತ್ತದೆ, ಹಾಗಾಗಿ ಮುಂಗಾಲಿನ ನಡುಬೆರಳು ಅಂದರೆ ಸ್ವಲ್ಪ ಕಿರಿಕಿರಿಯ ಜಾಗ. ಅಂಚಿನ ಬೆರಳಾದರೆ ಪಕ್ಕದ ಬೆರಳೇ ಆಸರೆ ಕೊಡುತ್ತದೆ. ಒಂದಕ್ಕಿಂತ ಹೆಚ್ಚು ಬೆರಳು ಮುರಿದಿದ್ದರೆ, ಮೂಳೆ ಜಾಗ ಬಿಟ್ಟು ಸರಿದಿದ್ದರೆ, ಮುರಿತ ಕೀಲಿನ ಒಳಗೆ ಹೋಗಿದ್ದರೆ ಡಾಕ್ಟರ್ ಆಪರೇಷನ್ ಮಾತು ಎತ್ತಬಹುದು. ಮೂಳೆ ಚರ್ಮ ಸೀಳಿ ಹೊರಗೆ ಕಂಡರೆ ಇದನ್ನೆಲ್ಲ ಓದುತ್ತಾ ಕೂರಬೇಡಿ, ಈಗಲೇ ಹೊರಡಿ. ಬ್ರೂನೋಗೆ ಆಪರೇಷನ್ ಬೇಕಾಗಲಿಲ್ಲ, ಆದ್ದರಿಂದ ಆ ವಿಷಯಕ್ಕೆ ನಾನು ಕೈ ಹಾಕುವುದಿಲ್ಲ.

ಮೊದಲು ಹಾಕಿದ್ದು ಬರೀ ಮೆತ್ತನೆಯ ಪಟ್ಟಿ. ಕಾಲಿನ ಎರಡೂ ಪಕ್ಕಕ್ಕೆ ಉದ್ದುದ್ದ ಟೇಪ್, ಬೆರಳುಗಳ ಸಂದಿಯಲ್ಲಿ ಹತ್ತಿ, ಮೇಲೆ ದಪ್ಪಗೆ ಹತ್ತಿ ಸುತ್ತು, ಆಮೇಲೆ ಗಾಜ್ ಅನ್ನುವ ತೆಳು ಬಟ್ಟೆ, ಕೊನೆಗೆ ತನಗೆ ತಾನೇ ಅಂಟಿಕೊಳ್ಳುವ, ಎಳೆದರೆ ಹಿಗ್ಗುವ ಪಟ್ಟಿ. ಹಗುರ, ನಾಯಿ ಬೇಗ ಒಗ್ಗಿಕೊಳ್ಳುತ್ತದೆ, ಬಿಚ್ಚಿ ನೋಡುವುದೂ ಸುಲಭ. ಆದರೆ ಇದು ಊತಕ್ಕೆ ಮತ್ತು ಉಜ್ಜುವುದಕ್ಕೆ ತಡೆ ಅಷ್ಟೇ, ಮೂಳೆ ಅಲುಗದಂತೆ ಹಿಡಿಯುವ ಶಕ್ತಿ ಇದರಲ್ಲಿ ಅಷ್ಟಾಗಿ ಇಲ್ಲ. ಬ್ರೂನೋ ನೋವು ಸ್ವಲ್ಪ ಇಳಿದ ಕೂಡಲೇ ಬಾಗಿಲಿಗೆ ಓಡಲು ಶುರು ಮಾಡಿದ, ಪಟ್ಟಿ ಕೆಳಕ್ಕೆ ಜಾರಿ ಪಂಜದ ಹತ್ತಿರ ಮುದ್ದೆಯಾಯಿತು. ಅಂಚಿನ ಬೆರಳು, ಶಾಂತ ಸ್ವಭಾವದ ವಯಸ್ಸಾದ ನಾಯಿ ಅಂದರೆ ನಾನು ಇದನ್ನೇ ಕೇಳುತ್ತೇನೆ. ನಮ್ಮಂಥವನಿಗೆ ಸಾಲದು.

ಎರಡನೆಯದು ಸ್ಪೂನ್ ಸ್ಪ್ಲಿಂಟ್, ಅಂದರೆ ಕಾಲು ಅಲುಗದಂತೆ ಹಿಡಿಯುವ ಗಟ್ಟಿ ಆಸರೆ. ಸೌಟಿನ ಆಕಾರದ್ದು, ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂನದ್ದು. ಅಗಲದ ತುದಿಯಲ್ಲಿ ಪಂಜ ಕೂರುತ್ತದೆ, ಹಿಡಿಯ ಭಾಗ ಕಾಲಿನ ಹಿಂಬದಿಗೆ ಒರಗುತ್ತದೆ. ಬೆರಳು ಮುರಿದ ನಾಯಿಗಳಿಗೆ ತುಂಬಾ ಕಡೆ ಹಾಕುವುದು ಇದನ್ನೇ. ನನಗೆ ಇದರಲ್ಲಿ ಹಿಡಿಸಿದ್ದು ನಡುವಿನ ಎರಡು ಉಗುರು ಹೊರಗೆ ಕಾಣುವಂತೆ ಕಟ್ಟುವುದು. ಆ ಎರಡು ಉಗುರುಗಳೇ ನಿಮಗೆ ಸುದ್ದಿ ಹೇಳುತ್ತವೆ. ಅಕ್ಕಪಕ್ಕ ಕೂಡಿಕೊಂಡಿದ್ದರೆ ಸರಿ, ಒಂದಕ್ಕೊಂದು ದೂರ ಸರಿಯುತ್ತಿದ್ದರೆ ಒಳಗೆ ಊತ ಬರುತ್ತಿದೆ ಅಂತ ಅರ್ಥ. ಮುಟ್ಟಿದರೆ ತಣ್ಣಗೆ ಅನ್ನಿಸಿದರೂ ಕಾಯಬೇಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡುವುದು ಹಲ್ಲುಜ್ಜುವಷ್ಟು ಅಭ್ಯಾಸವಾಗಿ ಹೋಯಿತು.

ಇದರ ಕೆಟ್ಟ ಗುಣಗಳೂ ಇವೆ. ರೆಡಿಮೇಡ್ ಸೈಜ್‌ನಲ್ಲಿ ಬರುವುದರಿಂದ ನಿಮ್ಮ ನಾಯಿಯ ಕಾಲಿಗೆ ಪಕ್ಕಾ ಕೂರುತ್ತದೆ ಅಂತ ಹೇಳಲಿಕ್ಕಾಗದು. ಮುಂಗಾಲಿನ ಮಣಿಕಟ್ಟಿನ ಹಿಂದೆ ಒಂದು ಸಣ್ಣ ಪ್ಯಾಡ್ ಇದೆಯಲ್ಲ, ಅಲ್ಲಿ ಉಜ್ಜುತ್ತದೆ. ಒಳಬದಿಯ ಹೆಬ್ಬೆರಳ ಉಗುರಿನ ಹತ್ತಿರವೂ ಅಷ್ಟೇ. ನಡೆದರೆ ಟಕ್ ಟಕ್ ಸದ್ದು, ನುಣುಪು ನೆಲದಲ್ಲಿ ಜಾರುತ್ತಾನೆ, ರಾತ್ರಿ ಮಗ್ಗುಲು ಬದಲಿಸಿದರೆ ಮನೆಯವರೆಲ್ಲ ಏಳಬೇಕು. ವಾರಕ್ಕೊಮ್ಮೆಯಾದರೂ ಬಿಚ್ಚಿ ಬದಲಿಸಬೇಕು, ಬೆಳೆಯುವ ಮರಿಗಳಾದರೆ ಇನ್ನೂ ಬೇಗ. ಅಷ್ಟೊಂದು ಸಲ ಕ್ಲಿನಿಕ್‌ಗೆ ಹೋಗುವುದು ತಲೆನೋವು ಅನ್ನಿಸುತ್ತದೆ ನಿಜ, ಆದರೆ ಅಷ್ಟು ಸಲ ಚರ್ಮ ಕಣ್ಣಿಗೆ ಬೀಳುತ್ತದೆ ಅನ್ನುವುದೂ ನಿಜ.

ಬ್ರೂನೋ ಸ್ಪ್ಲಿಂಟ್‌ನ ಅಂಚನ್ನು ಕಚ್ಚಿ ಹಾಳು ಮಾಡಿದ ಮೇಲೆ ಫೈಬರ್‌ಗ್ಲಾಸ್ ಕಾಸ್ಟ್, ಅಂದರೆ ಕಾಲಿನ ಸುತ್ತ ಗಟ್ಟಿಯಾಗುವ ಕಟ್ಟು, ಹಾಕಿದರು. ಮೊದಲು ನೋಡಿದಾಗ ಇದೇ ಗೆದ್ದಿತು ಅನ್ನಿಸಿತು. ಅವನದೇ ಕಾಲಿನ ಅಚ್ಚು, ಗಟ್ಟಿ, ಸ್ಪ್ಲಿಂಟ್‌ಗಿಂತ ಹಗುರ, ನಡಿಗೆಯೂ ಸಲೀಸು, ಕಚ್ಚಿದರೂ ಏನೂ ಆಗದು. ಆದರೆ ಒಳಗೆ ಏನಾಗುತ್ತಿದೆ ಅಂತ ತಿಳಿಯಲು ಇರುವುದು ಮೂಗು ಮತ್ತು ನಾಯಿಯ ಮುಖ, ಅಷ್ಟೇ. ಒಂದು ದಿನ ಹುಳಿ ವಾಸನೆ ಬಂತು. ಕತ್ತರಿಸಿ ತೆಗೆದಾಗ ಒಳಬದಿಯ ಉಗುರಿನ ಪಕ್ಕ ಚರ್ಮ ಸುಲಿದು ಕೆಂಪಾಗಿತ್ತು. ಹೊರಗಿಂದ ಕಾಸ್ಟ್ ಹೊಸದರ ಹಾಗೇ ಇತ್ತು ನೋಡಿ, ಅದೇ ಇದರ ಅಪಾಯ.

ಆಮೇಲೆ ಡಾಕ್ಟರ್ ಮಾಡಿದ ಉಪಾಯವೇ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲು. ಕಾಸ್ಟನ್ನು ಉದ್ದಕ್ಕೆ ಎರಡು ಹೋಳಾಗಿ ಸೀಳಿ, ಅದೇ ಎರಡು ಹೋಳನ್ನು ಹೊಸ ಹತ್ತಿಯ ಮೇಲೆ ಕೂರಿಸಿ ಪಟ್ಟಿ ಸುತ್ತಿದರು. ಅಚ್ಚು ಅವನ ಕಾಲಿನದೇ, ಗಟ್ಟಿತನ ಕಾಸ್ಟಿನದೇ, ಆದರೆ ಬೇಕೆಂದಾಗ ತೆರೆದು ಹುಣ್ಣಿಗೆ ಔಷಧಿ ಹಚ್ಚಿ ಮತ್ತೆ ಮುಚ್ಚಬಹುದು. ಇದು ಎಲ್ಲ ನಾಯಿಗೂ ಬೇಕು ಅಂತಲ್ಲ. ಅಚ್ಚು ಹಾಕುವಾಗ ನಾಯಿ ಅಲುಗಬಾರದು, ಹಾಗಾಗಿ ಅನೇಕ ಸಲ ಮಂಪರಿನ ಇಂಜೆಕ್ಷನ್ ಕೊಡುತ್ತಾರೆ. ಸುಮ್ನೆ ಇರುವ ನಾಯಿಗೆ ಸ್ಪೂನ್ ಸ್ಪ್ಲಿಂಟ್ ಸಾಕು. ಕುಣಿಯುವ, ಕಚ್ಚುವ ನಾಯಿಯಾದರೆ ಎರಡು ಹೋಳಿನ ಕಾಸ್ಟ್ ಆಗುತ್ತಾ ಅಂತ ಬಾಯಿಬಿಟ್ಟು ಕೇಳಿ.

ಮನೆಯಲ್ಲೇ ಕಟ್ಟಿದರೆ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ. ಹಿಗ್ಗುವ ಪಟ್ಟಿಯನ್ನು ಸುರುಳಿಯಿಂದ ನೇರವಾಗಿ ಎಳೆದು ಸುತ್ತಿದರೆ ಅದು ಆಮೇಲೆ ಕುಗ್ಗಿ ಬಿಗಿಯುತ್ತದೆ, ರಕ್ತ ಓಡಾಟ ನಿಂತರೆ ಮುರಿದ ಬೆರಳಿನ ಜೊತೆ ಚೆನ್ನಾಗಿದ್ದ ಬೆರಳುಗಳೂ ಹೋಗಬಹುದು. ಮನೆಯಲ್ಲಿ ನಮ್ಮ ಕೆಲಸ ನೋಡುವುದು, ಮೂಸುವುದು, ಒಣಗಿಸಿ ಇಡುವುದು. ಕಟ್ಟುವುದು ಡಾಕ್ಟರ್ ಕೆಲಸ.

ಕೋನ್ ವಿಷಯಕ್ಕೆ ಬಂದರೆ ಇಲ್ಲಿ ಪೈಪೋಟಿಯೇ ಇಲ್ಲ. ಗಾಳಿ ತುಂಬುವ ಡೋನಟ್ ಕಾಲರ್ ನೋಡಲು ಮುದ್ದಾಗಿದೆ, ಅದನ್ನೇ ತಲೆದಿಂಬು ಮಾಡಿ ಮಲಗುತ್ತಿದ್ದ, ಆದರೆ ಉದ್ದ ಮೂತಿಯ ನಾಯಿಗೆ ಮುಂಗಾಲಿನ ಪಂಜ ಆರಾಮಾಗಿ ಬಾಯಿಗೆ ಸಿಗುತ್ತದೆ. ಹೊಟ್ಟೆಯ ಹೊಲಿಗೆಗೆ ಅದು ಸರಿ ಇರಬಹುದು, ಬೆರಳಿಗಲ್ಲ. ಬಟ್ಟೆಯ ಮೆತ್ತನೆ ಕೋನ್ ನೆಲಕ್ಕೆ ಒತ್ತಿದರೆ ಮಡಚಿಕೊಳ್ಳುತ್ತದೆ, ಆ ಗುಟ್ಟು ಬ್ರೂನೋಗೆ ಬೇಗ ಗೊತ್ತಾಯಿತು. ಪಟ್ಟಿಗೆ ಹೊಡೆಯುವ ಕಹಿ ಸ್ಪ್ರೇ ಇದೆ. ಅವನು ಅದನ್ನೂ ನೆಕ್ಕಿದ. ಉಳಿದದ್ದು ಪಾರದರ್ಶಕ ಗಟ್ಟಿ ಪ್ಲಾಸ್ಟಿಕ್ ಕೋನ್, ಮೂಗಿನ ತುದಿಗಿಂತ ಸ್ವಲ್ಪ ಮುಂದೆ ಚಾಚುವಷ್ಟು ಉದ್ದದ್ದು. ಬಾಗಿಲಿಗೆ, ಗೋಡೆಗೆ, ನಮ್ಮ ಮೊಣಕಾಲಿಗೆ ಡಿಕ್ಕಿ ಹೊಡೆಯುತ್ತಾ ಓಡಾಡಿದ. ಪರವಾಗಿಲ್ಲ. ಒಂದು ಮಾತು: ಅಲ್ಲಿವರೆಗೆ ಪಟ್ಟಿಯ ಗೊಡವೆಗೇ ಹೋಗದ ನಾಯಿ ಇದ್ದಕ್ಕಿದ್ದಂತೆ ಅದನ್ನು ಕಚ್ಚತೊಡಗಿದರೆ ತುಂಟತನ ಅಂತ ಗದರಬೇಡಿ, ಒಳಗೆ ಏನೋ ಚುಚ್ಚುತ್ತಿದೆ ಅಥವಾ ಕೊರೆಯುತ್ತಿದೆ ಅಂತಲೇ ತಿಳಿಯಿರಿ.

ಹೊರಗೆ ಹೋಗುವಾಗಿನ ಕವರ್‌ಗಳಲ್ಲಿ ಸಾಮಾನ್ಯ ಪ್ಲಾಸ್ಟಿಕ್ ಚೀಲ ನಾಲ್ಕು ಹೆಜ್ಜೆಗೆ ಹರಿಯುತ್ತದೆ. ಅದನ್ನು ರಬ್ಬರ್ ಬ್ಯಾಂಡಿನಿಂದ ಬಿಗಿಯುವುದಂತೂ ಬೇಡವೇ ಬೇಡ, ಮರೆತು ಹಾಗೇ ಬಿಟ್ಟರೆ ಕಾಲಿಗೇ ಕುತ್ತು. ತೆಳು ರಬ್ಬರಿನ ಬೂಟು ನೆಲವನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಸ್ಪ್ಲಿಂಟ್ ಮೇಲೆ ಏರಿಸುವುದು ಯುದ್ಧ. ನನಗೆ ಒಗ್ಗಿದ್ದು ಡಾಕ್ಟರ್ ಕೊಟ್ಟ ಖಾಲಿ ಡ್ರಿಪ್ ಬ್ಯಾಗ್. ದಪ್ಪ, ಉದ್ದ, ಸ್ಪ್ಲಿಂಟ್ ಸರಾಗವಾಗಿ ಒಳಗೆ ಹೋಗುತ್ತದೆ. ಮೇಲ್ತುದಿ ಕತ್ತರಿಸಿ, ಅಂಚಿಗೆ ತೂತು ಮಾಡಿ, ಲಾಡಿ ಪೋಣಿಸಿ ಸಡಿಲವಾಗಿ ಕಟ್ಟಿದರೆ ಆಯಿತು. ಯಾವ ಕವರ್ ಆದರೂ ಮನೆಯೊಳಗೆ ಬಂದ ಕೂಡಲೇ ತೆಗೆಯಬೇಕು, ಯಾಕಂದ್ರೆ ನಾಯಿ ಬೆವರುವುದು ಪಂಜದ ಪ್ಯಾಡ್‌ಗಳಲ್ಲಿ, ಒಳಗಿನ ತೇವಕ್ಕೂ ಹೊರಗಿನ ನೀರಿಗೂ ಪಟ್ಟಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪಟ್ಟಿ ಒದ್ದೆಯಾದರೆ ಅದೇ ದಿನ ಡಾಕ್ಟರ್ ಹತ್ತಿರ ಬದಲಿಸಿಕೊಳ್ಳಿ. ಹೇರ್ ಡ್ರೈಯರ್ ಹಿಡಿದರೆ ಮೇಲಿನ ಪದರ ಒಣಗುತ್ತದೆ, ಒಳಗಿನ ಹತ್ತಿ ಹಸಿಯಾಗೇ ಇರುತ್ತದೆ.

ಕೂಡಿಹಾಕುವುದಕ್ಕೆ ಕ್ರೇಟ್ (ಮುಚ್ಚಿದ ಪಂಜರ) ಒಳ್ಳೆಯದೋ, ಬೇಲಿಯಂಥ ಪ್ಲೇಪೆನ್ನೋ? ನನಗೆ ಪ್ಲೇಪೆನ್ ಇಷ್ಟವಾಗಿತ್ತು, ಜಾಗ ಜಾಸ್ತಿ, ನಾಯಿಗೂ ಬೇಜಾರಿಲ್ಲ. ಆದರೆ ಯಾರಾದರೂ ಬಂದರೆ ಅವನು ಮುಂಗಾಲೆರಡನ್ನೂ ಬೇಲಿಯ ಮೇಲಿಟ್ಟು ನಿಲ್ಲುತ್ತಾನೆ, ಆಮೇಲೆ ಧೊಪ್ಪನೆ ಇಳಿಯುತ್ತಾನೆ. ಮುಂಗಾಲಿನ ಬೆರಳಿಗೆ ಅದಕ್ಕಿಂತ ಕೆಟ್ಟದ್ದು ಇನ್ನೇನಿದೆ? ಹಿಂಗಾಲಾಗಿದ್ದರೂ ಆ ಭಂಗಿ ನಡೆಯದು, ಇಡೀ ಭಾರ ಹಿಂದಕ್ಕೆ ಬೀಳುತ್ತದೆ. ಕಡೆಗೆ ಮನೆಯಲ್ಲಿ ಯಾರೂ ಕಣ್ಣಿಡಲು ಆಗದಾಗ ಕ್ರೇಟ್, ನಾವು ಕೂತಿದ್ದಾಗ ಸೊಂಟಕ್ಕೆ ಕಟ್ಟಿಕೊಂಡ ಲೀಶ್, ಹೀಗೆ ಮಾಡಿದೆವು. ನೆಲಕ್ಕೆ ಜಾರದ ಮ್ಯಾಟ್ ಹಾಸಿದೆವು. ಮೆಟ್ಟಿಲು, ಸೋಫಾ ಎರಡೂ ಬಂದ್.

ನೋವಿನ ಔಷಧಿಯಲ್ಲಿ ಮಾತ್ರೆಯೋ ದ್ರವವೋ ಅನ್ನುವುದು ಸಣ್ಣ ವಿಷಯ. ಕಾರ್ಪ್ರೊಫೆನ್ ಮಾತ್ರೆ ಊಟದಲ್ಲಿ ಬಚ್ಚಿಟ್ಟರೆ ಉಗಿಯುತ್ತಿದ್ದ, ಮೆಲಾಕ್ಸಿಕ್ಯಾಂ ದ್ರವ ಸಿರಿಂಜಿನಲ್ಲಿ ತೂಕಕ್ಕೆ ಸರಿಯಾಗಿ ಅಳೆಯಬಹುದು, ಊಟದ ಮೇಲೆ ಹಾಕಿದರೆ ತಿನ್ನುತ್ತಾನೆ. ನೋವು ಇಳಿಸುವುದರಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಎಷ್ಟು ಬಿಡುವು ಬೇಕು ಅಂತ ಡಾಕ್ಟರೇ ಹೇಳಬೇಕು, ಎರಡನ್ನೂ ಒಟ್ಟಿಗೆ ಕೊಡುವ ಹಾಗಿಲ್ಲ. ವಾಂತಿ, ಕಪ್ಪು ಮಲ, ಊಟ ಬಿಡುವುದು ಕಂಡರೆ ನಿಲ್ಲಿಸಿ ಫೋನ್ ಮಾಡಿ. ದೊಡ್ಡ ವಿಷಯ ಬೇರೆ ಇದೆ: ನಮ್ಮ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಇಂಥವನ್ನು ನಾಯಿಗೆ ನೀವಾಗಿ ಕೊಡಬೇಡಿ, ಪ್ರಾಣಕ್ಕೇ ಅಪಾಯ. ನೋವು ಕಮ್ಮಿಯಾದರೆ ಓಡುತ್ತಾನೆ ಅಂತ ನೋವಿನ ಔಷಧಿ ತಪ್ಪಿಸುವವರನ್ನೂ ನೋಡಿದ್ದೇನೆ, ನನಗೆ ಅದು ಸರಿ ಕಾಣುವುದಿಲ್ಲ. ಓಟ ತಡೆಯಲು ಗ್ಯಾಬಾಪೆಂಟಿನ್ ಥರದ ಮಂಪರು ತರುವ ಔಷಧಿಯನ್ನು ಡಾಕ್ಟರ್ ಕೊಡಬಹುದು. ಅದರಲ್ಲೂ ಮನುಷ್ಯರಿಗೆಂದು ಮಾಡಿದ ದ್ರವ ರೂಪದ ಕೆಲವಲ್ಲಿ ಜೈಲಿಟಾಲ್ ಅನ್ನುವ ಸಿಹಿ ಇರುತ್ತದೆ, ನಾಯಿಗೆ ಅದು ವಿಷ. ಇನ್ನು ಮೂಳೆ ಬೇಗ ಕೂಡಲಿ ಅಂತ ಕ್ಯಾಲ್ಸಿಯಂ ಪುಡಿ ಸುರಿಯುವುದು. ನಾಯಿಗೆಂದೇ ಮಾಡಿದ ಸಮತೋಲನದ ಆಹಾರ ತಿನ್ನುತ್ತಿದ್ದರೆ ಬೇಕಿಲ್ಲ, ದೊಡ್ಡ ತಳಿಯ ಮರಿಗಳಿಗಂತೂ ಹೆಚ್ಚಿನ ಕ್ಯಾಲ್ಸಿಯಂ ಮೂಳೆಯನ್ನೇ ಕೆಡಿಸುತ್ತದೆ. ಅದರ ಬದಲು ಊಟ ಸ್ವಲ್ಪ ಇಳಿಸಿ, ಓಡಾಟ ಇಲ್ಲದೆ ತೂಕ ಏರಿದರೆ ಹೊರಬೇಕಾದ್ದು ಅದೇ ಬೆರಳು.

ಮರಿಗಳಿಗೆ 3-4 ವಾರದಲ್ಲಿ ಕೂಡಿಕೊಳ್ಳಬಹುದು, ದೊಡ್ಡ ನಾಯಿಗೆ ಸಾಮಾನ್ಯವಾಗಿ 6-8 ವಾರ. ಕಟ್ಟು ಬಿಚ್ಚುವುದನ್ನು ಕ್ಯಾಲೆಂಡರ್ ನೋಡಿ ತೀರ್ಮಾನಿಸಬೇಡಿ, ಇನ್ನೊಂದು ಎಕ್ಸ್‌ರೇ ನೋಡಿ ತೀರ್ಮಾನಿಸಿ. ಬಿಚ್ಚಿದ ಮೇಲೆ ಕಾಲು ಸಣಕಲಾಗಿ ಕಾಣುತ್ತದೆ, ಪ್ಯಾಡ್ ಮೆತ್ತಗಾಗಿರುತ್ತದೆ, ಸವೆಯದ ಉಗುರು ಉದ್ದವಾಗಿರುತ್ತದೆ. ಉಗುರು ಮೊದಲು ಕತ್ತರಿಸಿ, ಉದ್ದ ಉಗುರು ನೆಲಕ್ಕೆ ತಾಗಿದಾಗೆಲ್ಲ ಬೆರಳನ್ನು ಮೇಲಕ್ಕೆ ತಳ್ಳುತ್ತದೆ. ನಡೆಸುವುದಕ್ಕೆ ಟೈಲ್ಸ್, ಕಾಂಕ್ರೀಟ್, ಹುಲ್ಲು ಮೂರರಲ್ಲೂ ಬಿಟ್ಟು ನೋಡಿದೆ. ಟೈಲ್ಸ್ ಮೇಲೆ ಬೆರಳು ಅಗಲಿಸಿ ಹಿಡಿಯಲು ಒದ್ದಾಡಿದ, ಕಾಂಕ್ರೀಟ್‌ನಲ್ಲಿ ಕುಂಟಿದ, ಹುಲ್ಲಿನ ಮೇಲೆ ಕಾಲು ಪೂರ್ತಿ ಊರಿದ. ಗುಂಡಿ ಇಲ್ಲದ ಸಮ ನೆಲದ ಹುಲ್ಲು, ಗಿಡ್ಡ ಲೀಶ್, ನಿಧಾನ ನಡಿಗೆ. ಮೊದಲಿಗೆ ಸ್ವಲ್ಪ ಕುಂಟಿದರೆ ಗಾಬರಿ ಬೇಡ, ಅದು ಬರಬರುತ್ತಾ ಕಮ್ಮಿಯಾಗಬೇಕು. ಜಾಸ್ತಿಯಾಗುತ್ತಿದ್ದರೆ ಅಥವಾ ಕಾಲನ್ನು ಮತ್ತೆ ಎತ್ತಿಹಿಡಿದರೆ ಡಾಕ್ಟರ್ ಹತ್ತಿರ ವಾಪಸ್ ಕರೆದುಕೊಂಡು ಹೋಗಿ.