ರಾಸ್ಟರ್ ಚಾರ್ಟೋ, ವೆಕ್ಟರ್ ಚಾರ್ಟೋ?

ಲ್ಯಾಪ್‌ಟಾಪಿನಲ್ಲಿ ಸಮುದ್ರದ ದಾರಿ ಹಾಕುವವರು ಮೊದಲು ಕೇಳಬೇಕಾದ್ದು ಸಾಫ್ಟ್‌ವೇರ್ ಯಾವುದು ಅಂತಲ್ಲ, ಚಾರ್ಟ್, ಅಂದ್ರೆ ಸಮುದ್ರದ ನಕ್ಷೆ, ಯಾವ ಜಾತಿಯದು ಅಂತ.

ರಾಸ್ಟರ್ ಅಂದ್ರೆ ಕಾಗದದ ಚಾರ್ಟಿನ ಚಿತ್ರ. ಕಾಗದದಲ್ಲಿ ಇದ್ದದ್ದೆಲ್ಲ ಕಣ್ಣಿಗೆ ಕಾಣುತ್ತದೆ. ಕಂಪ್ಯೂಟರಿಗೆ ಮಾತ್ರ ಅದು ಬರೀ ಬಣ್ಣ. ನೀವು ಎಳೆದ ಗೆರೆ ಬಂಡೆಯ ಮೇಲೆ ಹೋದರೂ ತುಟಿ ಪಿಟಕ್ಕೆನ್ನುವುದಿಲ್ಲ.

ವೆಕ್ಟರ್‌ನಲ್ಲಿ ಆಳ, ಬಂಡೆ, ದೀಪ ಎಲ್ಲವೂ ಬೇರೆ ಬೇರೆ ಮಾಹಿತಿ. ನನಗೆ ಕನಿಷ್ಠ 5 ಮೀಟರ್ ನೀರು ಬೇಕು ಅಂದರೆ, ಒಳ್ಳೆಯ ಸಾಫ್ಟ್‌ವೇರ್ ಇಡೀ ದಾರಿ ತಡಕಿ ಎಚ್ಚರಿಸುತ್ತದೆ. ತೊಂದರೆ ಇರುವುದು ಜೂಮ್‌ನಲ್ಲಿ. ದೂರದಿಂದ ನೋಡುವಾಗ ಪರದೆ ಗಿಜಿಗುಡಬಾರದು ಅಂತ ವಿವರಗಳನ್ನು ಅಡಗಿಸಿಬಿಡುತ್ತದೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2014ರ ನವೆಂಬರ್ 29ರ ರಾತ್ರಿ, ವೋಲ್ವೋ ಓಷನ್ ರೇಸ್‌ನಲ್ಲಿದ್ದ 'ಟೀಮ್ ವೆಸ್ಟಾಸ್ ವಿಂಡ್' ಹಾಯಿದೋಣಿ ಮಾರಿಷಸ್‌ನ ಈಶಾನ್ಯಕ್ಕಿರುವ ಕಾರ್ಗಡೋಸ್ ಕರಜೋಸ್ ಹವಳದ ದಿಬ್ಬಕ್ಕೆ ಬಡಿಯಿತು. ದಿಬ್ಬ ಚಾರ್ಟಿನಲ್ಲಿತ್ತು. ಅವರು ಸಾಕಷ್ಟು ಜೂಮ್ ಮಾಡಿ ನೋಡಿರಲಿಲ್ಲ, ಅಷ್ಟೇ. ಪುಣ್ಯಕ್ಕೆ ಒಂಬತ್ತೂ ಜನ ಬದುಕಿದರು.

ಹಾಗಂತ ರಾಸ್ಟರ್‌ಗೆ ಜೋತುಬೀಳುವ ಹಾಗೂ ಇಲ್ಲ. ಅಮೆರಿಕದಲ್ಲಿ ಸಮುದ್ರದ ಚಾರ್ಟ್ ತಯಾರಿಸುವ ಸರ್ಕಾರಿ ಸಂಸ್ಥೆ ನೋವಾ ತನ್ನ ರಾಸ್ಟರ್ ಚಾರ್ಟ್‌ಗಳನ್ನು ಆಗಲೇ ನಿಲ್ಲಿಸಿದೆ. ನನ್ನ ಓಟು ವೆಕ್ಟರ್‌ಗೇ. ಉಚಿತವಾಗಿ ಸಿಗುವ ಓಪನ್‌ಸಿಪಿಎನ್ ಸಾಫ್ಟ್‌ವೇರ್‌ನಲ್ಲಿ ಎರಡೂ ತೆರೆದುಕೊಳ್ಳುತ್ತವೆ, ಅಲ್ಲೇ ಹೋಲಿಸಿ ನೋಡಿ. ಆದರೆ ದಾರಿ ಹಾಕಿದ ಮೇಲೆ, ಹತ್ತಿರದ ಜೂಮ್‌ನಲ್ಲಿ ಶುರುವಿನಿಂದ ಕೊನೆಯವರೆಗೆ ಒಮ್ಮೆ ಬೆರಳಾಡಿಸಿ. ಬೇಜಾರಿನ ಕೆಲಸ, ನಿಜ.