ನಾಲ್ಕು ವರ್ಷದ ಫೈಬರ್ ನೆಟ್, ಕಬ್ಬಿನ ಲೋಡು ಮತ್ತು ಹಳೇ ಮೋಡೆಮ್ಮಿನ ಸದ್ದು

ಮೊನ್ನೆ ಗುರುವಾರ ಸಂಜೆ ಆರೂವರೆಗೆ ಮತ್ತೆ ನೆಟ್ ಹೋಯಿತು. ಕಾರಣ ಹುಡುಕಬೇಕಾಗಿರಲಿಲ್ಲ. ಅರ್ಧ ನಿಮಿಷ ಮೊದಲು ಅಂಗಡಿ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಹೋಗಿತ್ತು. ಹಿಂದೆ ಎರಡು ಟ್ರೇಲರ್, ಎರಡರಲ್ಲೂ ಮನೆ ಎತ್ತರದ ಲೋಡು. ರಸ್ತೆಗೆ ಅಡ್ಡವಾಗಿ ಜೋತಾಡುತ್ತಿದ್ದ ಕರಿ ಕೇಬಲ್ಲು ಮೇಲಿನ ಜಲ್ಲೆಗಳಿಗೆ ಸಿಕ್ಕಿಕೊಂಡಿತು. ಸ್ವಲ್ಪ ದೂರ ಗಾಡಿ ಜೊತೆಗೇ ಹೋಯಿತು, ಆಮೇಲೆ ಪಟ್ ಅಂತ ಕಿತ್ತು ಬಂತು. ಈ ಸೀಸನ್ನಿನಲ್ಲಿ ಇದು ಮೂರನೇ ಸಲ. ನಾಲ್ಕು ವರ್ಷದಲ್ಲಿ ಹನ್ನೊಂದನೇ ಸಲ. ಅಂಗಡಿಯ ಡೈರಿಯಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದೇನೆ.

ಮಂಡ್ಯದಲ್ಲಿ ನನ್ನದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ತಿಥಿ ಕಾರ್ಡು, ಬಿಲ್ ಬುಕ್ಕು, ಸಂಘಗಳ ವಾರ್ಷಿಕ ವರದಿ. ಕೆಳಗೆ ಅಂಗಡಿ, ಮೇಲೆ ಮನೆ, ಎರಡಕ್ಕೂ ಒಂದೇ ಕನೆಕ್ಷನ್. 100 ಎಂಬಿಪಿಎಸ್, ತಿಂಗಳಿಗೆ 599, ಜಿಎಸ್‌ಟಿ ಸೇರಿ 707 ರೂಪಾಯಿ. ನಾಲ್ಕು ವರ್ಷದ ಹಿಂದೆ ಹಾಕಿಸಿದ ಫೈಬರ್, ಅಂದರೆ ಗಾಜಿನ ಎಳೆಯೊಳಗೆ ಬೆಳಕಾಗಿ ಬರುವ ನೆಟ್. ಅದು ಹೇಗಿದೆ ಅಂತ ಹೇಳಲು ಇದನ್ನು ಬರೆಯುತ್ತಿದ್ದೇನೆ. ಕಂಪನಿ ಹೆಸರು ಹಾಕುತ್ತಿಲ್ಲ, ಯಾಕೆಂದರೆ ನಮ್ಮ ಬೀದಿಯಲ್ಲಿ ಬೇರೆ ಕಂಪನಿಗಳ ಕೇಬಲ್ಲೂ ಅದೇ ಕಂಬದಲ್ಲಿ, ಅದೇ ಎತ್ತರದಲ್ಲಿ ನೇತಾಡುತ್ತಿವೆ. ಹೆಸರು ಬದಲಾದರೆ ಪಾಡು ಬದಲಾಗುವುದಿಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಸ್ಪೀಡಿನ ಬಗ್ಗೆ ನನ್ನದು ಒಂದು ದೂರೂ ಇಲ್ಲ. ಎಷ್ಟು ಅಂತ ಹೇಳಬೇಕಾದರೆ 2001ಕ್ಕೆ ಹೋಗಬೇಕು.

1995ರ ಆಗಸ್ಟ್ 15ರಂದು ಆಗ ಸರ್ಕಾರಿ ಕಂಪನಿಯಾಗಿದ್ದ ವಿಎಸ್‌ಎನ್‌ಎಲ್ ದೊಡ್ಡ ಊರುಗಳಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿತು. ಅದು ನನ್ನ ಟೇಬಲ್ಲಿಗೆ ಬರಲು ಇನ್ನೂ ಆರು ವರ್ಷ ಬೇಕಾಯಿತು. ವಿಂಡೋಸ್ 98, ಫೋನ್ ಲೈನಿನಲ್ಲೇ ಡಯಲ್ ಮಾಡಿ ನೆಟ್ ತರಲು ಒಳಗೇ ಕೂರಿಸಿದ 56ಕೆ ಮೋಡೆಮ್, ಗಂಟೆ ಲೆಕ್ಕದ ಇಂಟರ್ನೆಟ್ ಕಾರ್ಡು. 56ಕೆ ಅನ್ನುವುದು ಇಳಿಸಿಕೊಳ್ಳುವ ಸ್ಪೀಡು. ಕಳಿಸುವಾಗ ಆ ಮೋಡೆಮ್ ಹೆಚ್ಚೆಂದರೆ 33.6 ಕೆಬಿಪಿಎಸ್ ಮುಟ್ಟುತ್ತಿತ್ತು. ಅಂದರೆ 20 ಎಂಬಿಯ ಒಂದು ಡಿಸೈನ್ ಫೈಲ್ ಮೈಸೂರಿನ ಪ್ರೆಸ್ಸಿಗೆ ಕಳಿಸಲು, ಲೈನ್ ಒಂದೇ ಒಂದು ಸಲವೂ ಕಟ್ ಆಗದಿದ್ದರೆ, ಎಂಬತ್ತು ನಿಮಿಷ. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್. ಸಿಡಿ ಬರೆದು ಬ್ಯಾಗಿಗೆ ಹಾಕಿಕೊಂಡು ಪ್ಯಾಸೆಂಜರ್ ರೈಲು ಹತ್ತಿದರೆ ಅದಕ್ಕಿಂತ ಬೇಗ ಹೋಗಬಹುದಿತ್ತು. ಹಾಗೇ ಹೋಗುತ್ತಿದ್ದೆ. ವಾರಕ್ಕೆ ಎರಡು ಸಲ, ಎಷ್ಟೋ ವರ್ಷ. ಈಗ ಅದೇ ಫೈಲ್ ಎರಡು ಸೆಕೆಂಡಿನಲ್ಲಿ ಹೋಗುತ್ತದೆ. ಪ್ರೂಫ್ ನೋಡಿ ತಿದ್ದಿಸಿಕೊಂಡು, ಮತ್ತೆ ಕಳಿಸಿ, ಮಧ್ಯಾಹ್ನದ ಊಟಕ್ಕೆ ಮನೆಗೇ ಹತ್ತುತ್ತೇನೆ. ಇದರ ಬೆಲೆ ನನಗೆ ಚೆನ್ನಾಗಿ ಗೊತ್ತು. ಹಳೇದಕ್ಕೆ ವಾಪಸ್ ಹೋಗು ಅಂದರೆ ಖಂಡಿತ ಹೋಗುವುದಿಲ್ಲ.

ಆದರೂ ಹಳೇ ಕನೆಕ್ಷನ್ನಿನ ಒಂದು ವಿಷಯ ಇವತ್ತಿಗೂ ಕಾಡುತ್ತದೆ. ಅದು ಮಾತಾಡುತ್ತಿತ್ತು.

ರಾತ್ರಿ ಊಟ ಮುಗಿದ ಮೇಲೆ ಕನೆಕ್ಟ್ ಮಾಡುತ್ತಿದ್ದೆ. ಹಗಲಲ್ಲಿ ಮಾಡಿದರೆ ಫೋನ್ ಎಂಗೇಜ್ ಆಗಿ ಗಿರಾಕಿ ಕೈತಪ್ಪುತ್ತಿದ್ದರು. ಬೇಕಾದ ಮೇಲ್‌ಗಳನ್ನೆಲ್ಲ ಮೊದಲೇ ಟೈಪ್ ಮಾಡಿ ಇಟ್ಟಿರುತ್ತಿದ್ದೆ. ಏನೇನು ನೋಡಬೇಕು ಅಂತ ಒಂದು ಚೀಟಿ ಕೀಬೋರ್ಡ್ ಪಕ್ಕ. ಕುರ್ಚಿ ಎಳೆದುಕೊಂಡು ಬಟನ್ ಒತ್ತಿದರೆ ಮೊದಲು ಡಯಲ್ ಟೋನ್, ಆಮೇಲೆ ಟಕಟಕ ನಂಬರ್, ಆಮೇಲೆ ಆ ಕೀರಲು ಸದ್ದು, ಕೊನೆಗೆ ಬಾಣಲೆಗೆ ಒಗ್ಗರಣೆ ಬಿದ್ದ ಹಾಗೆ ಒಂದು ಉದ್ದನೆ ಚುಂಯ್. ಅದು ನಿಂತು ಮೌನ ಆಯಿತು ಅಂದರೆ ಸಿಕ್ಕಿತು ಅಂತ ಅರ್ಥ. ಮೇಲಿನಿಂದ ನನ್ನ ಹೆಂಡತಿ, "ಸಿಕ್ತಾ?" ಅಂತ ಕೇಳುತ್ತಿದ್ದಳು. ಸದ್ದು ಅವಳಿಗೂ ಅಭ್ಯಾಸ ಆಗಿತ್ತು.

ಆ ಸದ್ದಿನಲ್ಲೇ ರೋಗ ಗೊತ್ತಾಗುತ್ತಿತ್ತು. ಡಯಲ್ ಟೋನೇ ಇಲ್ಲ ಅಂದರೆ ಲೈನ್ ಡೆಡ್. ಟೋನ್ ಇದೆ, ಆಕಡೆ ಎಂಗೇಜ್ ಬಂತು ಅಂದರೆ ತುಂಬಾ ಜನ ಇದ್ದಾರೆ, ಹತ್ತು ನಿಮಿಷ ಬಿಟ್ಟು ಮಾಡಬೇಕು. ಕೀರಲು ಶುರುವಾಗಿ ಮಧ್ಯದಲ್ಲಿ ಮತ್ತೆ ಮೊದಲಿನಿಂದ ಕೀರಿದರೆ ಲೈನಿನಲ್ಲಿ ಗರಗರ ಇದೆ. ಮಳೆ ಬಂದ ಮಾರನೇ ದಿನ ಹೀಗೇ. ರಿಸೀವರ್ ಎತ್ತಿ ಕಿವಿಗಿಟ್ಟರೆ ಕೇಳಿಸುತ್ತಿತ್ತು. ಲೈನ್‌ಮ್ಯಾನ್ ಸೈಕಲ್ಲಿನಲ್ಲಿ ಬಂದು ಅವರೂ ಹಾಗೇ ಕಿವಿಗಿಟ್ಟು ಕೇಳಿ, "ಜಾಯಿಂಟ್‌ಗೆ ನೀರು ಹೋಗೈತೆ ಕಣಪ್ಪ" ಅನ್ನುತ್ತಿದ್ದರು. ಕಂಬ ಹತ್ತಿ ತಾಮ್ರದ ಎಳೆ ಒರೆಸಿ, ಮತ್ತೆ ಹೊಸೆದು, ಟೇಪ್ ಸುತ್ತಿ ಇಳಿದರೆ ಮುಗಿಯಿತು. ಏನಾಗಿದೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ಇನ್ನೊಂದು ಮಾತು. ಫೋನ್ ತಂತಿಗೆ ಬೇಕಾದ 48 ವೋಲ್ಟ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಬರುತ್ತಿತ್ತು. ಬೀದಿಗೆಲ್ಲ ಕರೆಂಟ್ ಹೋದರೂ ಫೋನ್ ಜೀವಂತ. ಕಂಪ್ಯೂಟರಿಗೆ ಯುಪಿಎಸ್ ಇದ್ದಿದ್ದರಿಂದ ಕತ್ತಲಲ್ಲೂ ಮೇಲ್ ಕಳಿಸಿದ್ದೇನೆ. ಪಿಯುಸಿ ರಿಸಲ್ಟ್ ದಿನ ಇದೇ ಉಪಯೋಗಕ್ಕೆ ಬಂತು. ಒಂದು ವರ್ಷ ಬೀದಿಯ ಮಕ್ಕಳು ರಿಜಿಸ್ಟರ್ ನಂಬರ್ ಬರೆದ ಚೀಟಿ ಹಿಡಿದು ಅಂಗಡಿ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ಕರೆಂಟ್ ಹೋಯಿತು. ಮಾನಿಟರ್ ಬೆಳಕೊಂದೇ. ಒಂದೊಂದು ನಂಬರಿಗೂ ಪುಟ ತೆರೆಯಲು ನಿಮಿಷಗಟ್ಟಲೆ. ಹೆಸರು ಮೊದಲು ಬರುತ್ತಿತ್ತು, ಆಮೇಲೆ ಗೆರೆಗಳು, ಕೊನೆಗೆ ಮಾರ್ಕ್ಸು. ಹೆಸರು ಬಂದು ಮಾರ್ಕ್ಸ್ ಬರುವವರೆಗೂ ಯಾರೂ ಉಸಿರು ಬಿಡುತ್ತಿರಲಿಲ್ಲ. ಎಲ್ಲರದ್ದೂ ಕೈಯಲ್ಲಿ ಬರೆದುಕೊಟ್ಟೆ. ಅವತ್ತು ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಹುಡುಗಿ ಈಗ ಅವಳ ಮಗಳ ಹುಟ್ಟುಹಬ್ಬದ ಕಾರ್ಡು ಮಾಡಿಸಲು ನನ್ನ ಹತ್ತಿರವೇ ಬರುತ್ತಾಳೆ.

ಮಧ್ಯೆ ಒಂದು ಕಾಲ ಬಂತು, 2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್. ಸರ್ಕಾರದ ಲೆಕ್ಕದಲ್ಲಿ ಆಗ 256 ಕೆಬಿಪಿಎಸ್ ಇದ್ದರೆ ಅದು ಬ್ರಾಡ್‌ಬ್ಯಾಂಡ್. 500 ರೂಪಾಯಿ ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಬೇಕಾದರೂ ಇಳಿಸಿಕೊಳ್ಳಬಹುದಿತ್ತು. ಎರಡಕ್ಕೆ ಅಲಾರಂ ಇಟ್ಟು ಎದ್ದು, ಡೌನ್‌ಲೋಡಿಗೆ ಹಾಕಿ ಮತ್ತೆ ಮಲಗುತ್ತಿದ್ದೆ. ಫೋನೂ ನಡೆಯುತ್ತದೆ, ನೆಟ್ಟೂ ನಡೆಯುತ್ತದೆ ಅನ್ನುವುದೇ ಆಗ ದೊಡ್ಡ ವಿಷಯ.

ಈಗಿನ ಪೆಟ್ಟಿಗೆ ಮಾತಾಡುವುದಿಲ್ಲ. ಎಲ್‌ಓಎಸ್ ಅಂತ ಬರೆದಿರುವ ಜಾಗದಲ್ಲಿ ಒಂದು ಕೆಂಪು ದೀಪ, ಅಷ್ಟೇ. ಬೆಳಕು ಬರುತ್ತಿಲ್ಲ ಅಂತ ಅರ್ಥ. ಎಲ್ಲಿ ನಿಂತಿದೆ, ಯಾಕೆ ನಿಂತಿದೆ, ಯಾವಾಗ ಬರುತ್ತದೆ, ಏನೂ ಇಲ್ಲ. ಆ್ಯಪಿನಲ್ಲಿ ಕಂಪ್ಲೇಂಟ್ ಹಾಕಿದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತದೆ. ಕೇಬಲ್ಲು ನನ್ನ ಕಣ್ಣ ಮುಂದೆ ರಸ್ತೆಯಲ್ಲಿ ಬಿದ್ದಿದೆ, ಅದರ ಮೇಲೆ ಆಟೋಗಳು ಹೋಗುತ್ತಿವೆ. ಫೋಟೋ ಕಳಿಸಲು ಅಲ್ಲಿ ಜಾಗ ಇಲ್ಲ. ಆಫ್ ಮಾಡಿ ಆನ್ ಮಾಡಿದೆ ಅಂತ ಒತ್ತಿದರೆ ಮಾತ್ರ ಮುಂದಿನ ಪ್ರಶ್ನೆ ಬರುತ್ತದೆ. ಕಳೆದ ವರ್ಷ ಎರಡು ಸಲ, ಲೈನ್ ಇನ್ನೂ ನೆಲದ ಮೇಲೆ ಇರುವಾಗಲೇ "ನಿಮ್ಮ ಸಮಸ್ಯೆ ಪರಿಹಾರವಾಗಿದೆ" ಅಂತ ಮೆಸೇಜ್ ಬಂತು. ಅದರಲ್ಲಿ ಒಂದು ದಿನ ಒಂದು ಮದುವೆ ಕಾರ್ಡು ಪ್ರೆಸ್ಸಿಗೆ ಹೋಗಬೇಕಿತ್ತು. ಮೊಬೈಲ್ ನೆಟ್ಟಿನಲ್ಲಿ ಕಳಿಸಿದೆ, ಕೆಲಸ ಆಯಿತು. ಆದರೆ ಆ ಮೆಸೇಜು ನನಗೆ ತುಂಬಾ ಬೇಜಾರು ಮಾಡಿತು. ನೆಟ್ ಹೋಗಿದ್ದಕ್ಕೆ ಅಷ್ಟು ಬೇಜಾರಿಲ್ಲ. ಕಬ್ಬು ಮಂಡ್ಯದ ಅನ್ನ, ಲೋಡು ಬಂದೇ ಬರುತ್ತದೆ. ಕೇಬಲ್ಲನ್ನು ಇನ್ನು ಐದಾರು ಅಡಿ ಮೇಲೆ ಎಳೆದು ಕಟ್ಟಿ ಅಂತ ನಾಲ್ಕು ವರ್ಷದಿಂದ ಕೇಳುತ್ತಿದ್ದೇನೆ. ಅದನ್ನು ಬರೆಯಲು ಆ್ಯಪಿನಲ್ಲಿ ಒಂದು ಸಾಲು ಇಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಐದರಲ್ಲಿ ಎರಡು ಸ್ಟಾರ್ ಕೊಡುತ್ತಿದ್ದೆ. ಆದರೆ ಶುಕ್ರವಾರ ಬೆಳಿಗ್ಗೆ ಲೋಕಲ್ ಆಪರೇಟರ್ ಕಡೆಯ ಹುಡುಗ ಬಂದ.

ಇಪ್ಪತ್ತನಾಲ್ಕು ಇಪ್ಪತ್ತೈದು ವಯಸ್ಸಿರಬಹುದು. ಬೈಕಿನ ಹಿಂದೆ ಒಂದು ಹಳದಿ ಪೆಟ್ಟಿಗೆ, ಏಣಿಯನ್ನು ಹೆಗಲ ಮೇಲೆ ಹೊತ್ತು ಇನ್ನೊಬ್ಬ. ಸುಮ್ನೆ ಪಕ್ಕದಲ್ಲಿ ನಿಂತು ನೋಡಿದೆ. ಮೊದಲು ಪೆನ್ನಿನಂಥ ಒಂದು ಟಾರ್ಚನ್ನು ಕೇಬಲ್ಲಿನ ಈ ತುದಿಗೆ ಸಿಕ್ಕಿಸಿದ. "ಅಣ್ಣಾ, ಅಲ್ ನೋಡಿ" ಅಂದ. ಹದಿನೈದು ಅಡಿ ಆಚೆ, ಮೇಲೆ ಏನೂ ಆಗಿಲ್ಲ ಅನ್ನಿಸುವ ಜಾಗದಲ್ಲಿ, ಕೇಬಲ್ಲಿನ ಸಿಪ್ಪೆಯೊಳಗಿಂದ ಕೆಂಡದ ಚುಕ್ಕೆ ಹಾಗೆ ಕೆಂಪು ಬೆಳಕು. "ಕಿತ್ತಿರೋದು ಅಲ್ಲಿ, ಆದ್ರೆ ಇಲ್ಲೂ ಒಳಗೆ ಮುರ್ದೈತೆ. ಅಲ್ಲೊಂದೇ ಜಾಯಿಂಟ್ ಹಾಕಿದ್ರೆ ನಾಳೆ ಮತ್ತೆ ಫೋನ್ ಮಾಡ್ತಿದ್ರಿ."

ಅಂಗಡಿ ಮೆಟ್ಟಿಲ ಮೇಲೆ ಕೂತು ಪೆಟ್ಟಿಗೆ ತೆರೆದ. ಕರಿ ಸಿಪ್ಪೆ ಸುಲಿದ, ಅದರೊಳಗಿನ ಬಣ್ಣದ ಪದರ ಕೆರೆದ. ಉಳಿದಿದ್ದು ಗಾಜಿನ ಎಳೆ, ನಮ್ಮ ತಲೆಕೂದಲಿನಷ್ಟೇ ದಪ್ಪ. ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಅದನ್ನು ಒರೆಸಿದಾಗ ಕಿರ್ ಅಂತ ಸಣ್ಣ ಸದ್ದು ಬಂತು. ಸದ್ದು ಬಂದರೆ ಕ್ಲೀನ್ ಆಗಿದೆ ಅಂತ ಅರ್ಥ ಅಂದ. ತುದಿಯನ್ನು ನೇರ ಕತ್ತರಿಸಿ ಎರಡು ಎಳೆಗಳನ್ನು ಮೆಷಿನ್ನಿನಲ್ಲಿ ಎದುರುಬದುರು ಇಟ್ಟ. ಸಣ್ಣ ಪರದೆಯಲ್ಲಿ ಅವೆರಡೂ ಕಬ್ಬಿನ ಜಲ್ಲೆಯಷ್ಟು ದಪ್ಪ ಕಂಡವು. ತಾವಾಗೇ ಹತ್ತಿರ ಸರಿದವು. ಒಂದು ಕಿಡಿ. ಎರಡು ಎಳೆ ಒಂದಾಯಿತು, ಸೇರಿದ ಗೆರೆಯೂ ಕಾಣಲಿಲ್ಲ. ಬರುತ್ತಿರುವ ಬೆಳಕು ಎಷ್ಟು ಬಲವಾಗಿದೆ ಅಂತ ಅಳೆಯುವ ಮೀಟರ್ ಹಿಡಿದು ತೋರಿಸಿದ: ಮೈನಸ್ 19. ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. "ನಿಮ್ದು ಮೊದ್ಲು ಮೈನಸ್ 26 ಇತ್ತು ಅಣ್ಣಾ. ಹಳೇ ಜಾಯಿಂಟ್‌ಗಳು ಸರಿ ಇರ್ಲಿಲ್ಲ. ಮೈನಸ್ 27 ದಾಟಿದ್ರೆ ನಿಲ್ಲಲ್ಲ." ರಾತ್ರಿ ಹೊತ್ತು ಆಗಾಗ ತಾನಾಗೇ ಕಟ್ ಆಗಿ ಬರುತ್ತಿತ್ತಲ್ಲ, ಅದಕ್ಕೆ ಕಾರಣ ಅವತ್ತು ಗೊತ್ತಾಯಿತು. ಒಂದು ವರ್ಷದಿಂದ ಆ್ಯಪ್ ಹೇಳದಿದ್ದ ಮಾತು.

ಕಾಫಿ ಕೊಟ್ಟೆ. ಆ ಹಳೇ ಲೈನ್‌ಮ್ಯಾನ್ ಕಿವಿಗೆ ರಿಸೀವರ್ ಇಟ್ಟುಕೊಂಡು ನಿಂತಿದ್ದೇ ನೆನಪಾಗುತ್ತಿತ್ತು. ಕೆಲಸ ಗೊತ್ತಿರುವವರು ಈಗಲೂ ಇದ್ದಾರೆ. ಅವರ ನಂಬರ್ ನಮ್ಮ ಕೈಗೆ ಸಿಗುವುದಿಲ್ಲ, ಅಷ್ಟೇ. ನನಗೆ ಈಗ ಸಿಕ್ಕಿದೆ, ಡೈರಿಯ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ.

ಹೊಸದಾಗಿ ಹಾಕಿಸುವವರಿಗೆ ಎರಡು ಮಾತು. ಗಾಜಿನ ಎಳೆಗೆ ಮಳೆ ನೀರಿನ ಗರಗರ ಇಲ್ಲ, ಅದರಲ್ಲಿ ಸಿಡಿಲೂ ಹರಿದು ಬರುವುದಿಲ್ಲ. ಹಳೇ ಕಾಲದಲ್ಲಿ ಸಿಡಿಲಿಗೆ ನನ್ನ ಎರಡು ಮೋಡೆಮ್ ಸುಟ್ಟಿದ್ದವು. ಆದರೆ ಕರೆಂಟ್ ಹೋದರೆ ಮನೆಯ ಪೆಟ್ಟಿಗೆ ಸತ್ತಿತು, ಅದಕ್ಕೆ 12 ವೋಲ್ಟಿನ ಚಿಕ್ಕ ಯುಪಿಎಸ್ ತಗೊಳ್ಳಿ. ನಾನು ತಗೊಂಡು ಮೂರು ವರ್ಷ ಆಯಿತು, ಎರಡು ಗಂಟೆ ಆರಾಮಾಗಿ ಬರುತ್ತದೆ. ಕೇಬಲ್ ಎಳೆಯುವ ದಿನ ಮನೆಯಲ್ಲೇ ಇದ್ದು, ರಸ್ತೆ ದಾಟುವ ಜಾಗದಲ್ಲಿ ಎಷ್ಟು ಎತ್ತರ ಕಟ್ಟುತ್ತಾರೆ ಅಂತ ನಿಂತು ನೋಡಿ. ನಾನು ಅವತ್ತು ಮೈಸೂರಿಗೆ ಹೋಗಿದ್ದೆ.

ಮುಂದಿನ ತಿಂಗಳು ಪ್ಲಾನ್ ಮುಗಿಯುತ್ತದೆ. ಇಷ್ಟು ದಿನ ಆರು ತಿಂಗಳಿಗೆ ಒಟ್ಟಿಗೆ ಕಟ್ಟುತ್ತಿದ್ದೆ, ಈ ಸಲ ಮೂರೇ ತಿಂಗಳಿಗೆ. ಮೂರೂವರೆ ಸ್ಟಾರ್, ಅದರಲ್ಲಿ ಒಂದು ಪೂರ್ತಿ ಆ ಹುಡುಗನದು. ಎತ್ತರ ಕಟ್ಟಲು ಎದುರು ಕಂಬಕ್ಕೆ ಒಂದು ಪೈಪ್ ಬೇಕಂತೆ, ಆಫೀಸಿನಲ್ಲಿ ಹೇಳುತ್ತೇನೆ ಅಂದಿದ್ದಾನೆ. ಅಲ್ಲಿಯವರೆಗೆ ಅಂಗಡಿ ಬಾಗಿಲ ಪಕ್ಕ ಒಂದು ಒಣ ಬಿದಿರು ಗಳ ಇಟ್ಟಿದ್ದೇನೆ, ತುದಿಗೆ ಕವೆ ಕಟ್ಟಿದೆ. ಟ್ರ್ಯಾಕ್ಟರ್ ಸದ್ದು ಕೇಳಿದ ಕೂಡಲೇ ನನ್ನ ಮಗ ಮೇಲಿನಿಂದ ಇಳಿದು ಬರುತ್ತಾನೆ, ಡ್ರೈವರ್ ನಿಧಾನ ಮಾಡುತ್ತಾರೆ, ಇವನು ಕೇಬಲ್ಲನ್ನು ಎತ್ತಿ ಹಿಡಿಯುತ್ತಾನೆ. ನಿನ್ನೆ ನಾಲ್ಕು ಲೋಡು ದಾಟಿಸಿದ.