ಐಪಿವಿ4ರಿಂದ ಐಪಿವಿ6ಕ್ಕೆ: ಡ್ಯುಯಲ್ ಸ್ಟ್ಯಾಕ್, ಟನಲ್, ನ್ಯಾಟ್64 ಎಲ್ಲಿ ಕೈಕೊಡುತ್ತವೆ?

ಇಂಟರ್ನೆಟ್‌ನ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4 ಮಾತ್ರ ಬಲ್ಲ ಯಂತ್ರಕ್ಕೂ ಹೊಸದಾದ ಐಪಿವಿ6 ಮಾತ್ರ ಬಲ್ಲ ಯಂತ್ರಕ್ಕೂ ನೇರ ಮಾತುಕತೆ ಸಾಧ್ಯವೇ ಇಲ್ಲ. ವಲಸೆಯ ತೊಡಕೆಲ್ಲ ಹುಟ್ಟುವುದು ಇಲ್ಲಿಂದಲೇ. ದಾರಿ ಮೂರು: ಎರಡನ್ನೂ ಒಟ್ಟಿಗೆ ನಡೆಸುವ ಡ್ಯುಯಲ್ ಸ್ಟ್ಯಾಕ್, ಒಂದರ ಪ್ಯಾಕೆಟ್ಟನ್ನು (ದತ್ತಾಂಶದ ತುಣುಕು) ಇನ್ನೊಂದರೊಳಗೆ ತುಂಬಿ ಸಾಗಿಸುವ ಟನಲ್, ಒಂದನ್ನು ಇನ್ನೊಂದಕ್ಕೆ ಅನುವಾದಿಸುವ ನ್ಯಾಟ್64. ಮೂರನ್ನೂ ಹಾಕಿ ನೋಡಿದ ಮೇಲೆ ನಮ್ಮ ಆಯ್ಕೆ ಇದು: ಸರ್ವರ್‌ಗಳಿಗೆ ಡ್ಯುಯಲ್ ಸ್ಟ್ಯಾಕ್, ಬಳಕೆದಾರರ ವೈಫೈಗೆ ನ್ಯಾಟ್64.

ಡ್ಯುಯಲ್ ಸ್ಟ್ಯಾಕ್ ಶುರು ಮಾಡುವುದು ಸಲೀಸು, ಮುಗಿಸುವುದು ಕಷ್ಟ. ಫೈರ್‌ವಾಲ್ ನಿಯಮಗಳನ್ನು ಎರಡೆರಡು ಸಲ ಬರೆಯಬೇಕು. ಮರೆತರೆ ಐಪಿವಿ4ರಲ್ಲಿ ಮುಚ್ಚಿದ 22ನೇ ಪೋರ್ಟ್ (ದೂರದಿಂದ ಲಾಗಿನ್ ಆಗುವ ಬಾಗಿಲು) ಐಪಿವಿ6ರಲ್ಲಿ ತೆರೆದೇ ಉಳಿದಿರುತ್ತದೆ. ಇನ್ನೂ ಕೆಟ್ಟದ್ದೆಂದರೆ ಡ್ಯುಯಲ್ ಸ್ಟ್ಯಾಕ್ ದೋಷವನ್ನು ಮುಚ್ಚಿಡುತ್ತದೆ. ಬ್ರೌಸರ್ ಮೊದಲು ಐಪಿವಿ6 ಪ್ರಯತ್ನಿಸಿ, ಸುಮಾರು 250 ಮಿಲಿಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಐಪಿವಿ4ಕ್ಕೆ ಹೊರಳುತ್ತದೆ. ಐಪಿವಿ6 ಸತ್ತು ವಾರಗಳಾದರೂ ಯಾರೂ ದೂರುವುದಿಲ್ಲ.

ಟನಲ್ ಪ್ರಯೋಗಾಲಯಕ್ಕೆ ಸಾಕು, ಅಷ್ಟೇ. ಐಪಿವಿ6 ಪ್ಯಾಕೆಟ್ಟನ್ನು ಐಪಿವಿ4ರೊಳಗೆ ತುಂಬಿದಾಗ 20 ಬೈಟ್ ಹೊರಕವಚಕ್ಕೆ ಹೋಗಿ, 1500 ಬೈಟ್‌ನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1480ಕ್ಕೆ ಇಳಿಯುತ್ತದೆ. ಲಕ್ಷಣ ನೋಡಿ: ಲಾಗಿನ್ ಪುಟ ಚಕ್ಕನೆ ತೆರೆಯುತ್ತದೆ, ದೊಡ್ಡ ಕಡತ ಮಾತ್ರ ನಡುವೆಯೇ ನಿಂತುಬಿಡುತ್ತದೆ. ಐಪಿವಿ6ರಲ್ಲಿ ರೂಟರ್ ಪ್ಯಾಕೆಟ್ಟನ್ನು ತುಂಡರಿಸುವುದಿಲ್ಲ. 'ಪ್ಯಾಕೆಟ್ ಟೂ ಬಿಗ್' ಎಂದು ಕಳಿಸಿದವರಿಗೆ ತಿಳಿಸುತ್ತದೆ. ಹಳೆಯ ಅಭ್ಯಾಸದಂತೆ ಐಸಿಎಂಪಿಯನ್ನು (ಇಂಥ ಸೂಚನೆಗಳನ್ನೂ ಪಿಂಗನ್ನೂ ಒಯ್ಯುವ ವ್ಯವಸ್ಥೆ) ಪೂರ್ತಿ ತಡೆದಿದ್ದರೆ ಆ ಸುದ್ದಿ ತಲುಪುವುದೇ ಇಲ್ಲ. ತುಂಡರಿಸದಂತೆ ಹೇಳಿ 1432 ಬೈಟ್‌ನ ಪಿಂಗ್ ಕಳಿಸಿ (8 ಬೈಟ್ ಐಸಿಎಂಪಿ, 40 ಬೈಟ್ ಐಪಿ ಹೆಡರ್ ಸೇರಿ 1480). ಅದು ಹೋಗಿ 1433 ಹೋಗದಿದ್ದರೆ ಮಿತಿ ಅಲ್ಲೇ ಇದೆ. ಐಸಿಎಂಪಿವಿ6ರ 2ನೇ ವಿಧವನ್ನು (ಅದೇ 'ಪ್ಯಾಕೆಟ್ ಟೂ ಬಿಗ್') ಫೈರ್‌ವಾಲ್ ದಾಟಲು ಬಿಡಿ, ಟಿಸಿಪಿ ಎಂಎಸ್‌ಎಸ್ (ಹೆಡರ್‌ಗಳನ್ನು ಬಿಟ್ಟು ಒಂದು ಪ್ಯಾಕೆಟ್ ಹೊರಬಹುದಾದ ದತ್ತಾಂಶ) 1420ಕ್ಕೆ ಕಟ್ಟಿಹಾಕಿ.

ನ್ಯಾಟ್64 ಮೊದಲ ದಿನವೇ ನೋವು ಕೊಡುತ್ತದೆ, ದೋಷ ಮುಚ್ಚಿಡುವುದಿಲ್ಲ, ಅದೇ ಅದರ ಒಳ್ಳೆಯ ಗುಣ. ತಾಣದ ಹೆಸರಿಗೆ ಐಪಿವಿ6 ವಿಳಾಸ ಇಲ್ಲದಿದ್ದರೆ, ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನ ಜೊತೆಗಾರ ಡಿಎನ್‌ಎಸ್64 ಒಂದನ್ನು ಹೆಣೆದುಕೊಡುತ್ತದೆ: 96 ಬಿಟ್ ಪ್ರಿಫಿಕ್ಸ್ (ವಿಳಾಸದ ಮುಂಭಾಗ), ಅದರ ಬೆನ್ನಿಗೆ 32 ಬಿಟ್‌ನ ಹಳೆಯ ವಿಳಾಸ. ಕೋಡ್‌ನಲ್ಲಿ ನೇರವಾಗಿ ಐಪಿವಿ4 ವಿಳಾಸ ಬರೆದಿಟ್ಟ ಆ್ಯಪ್ ಡಿಎನ್‌ಎಸ್ ಕೇಳುವುದೇ ಇಲ್ಲವಾದ್ದರಿಂದ ಅಲ್ಲೇ ಬೀಳುತ್ತದೆ. ಸಾಧನದೊಳಗೇ ಅನುವಾದಿಸುವ 464ಎಕ್ಸ್‌ಲಾಟ್ ಇದ್ದರೆ ಅದೂ ನಡೆಯುತ್ತದೆ, ಆಂಡ್ರಾಯ್ಡ್‌ನಲ್ಲಿ 4.3ನೇ ಆವೃತ್ತಿಯಿಂದಲೇ ಇದಿದೆ. ಉತ್ತರ ಅಸಲಿಯೆಂದು ಸಾರುವ ಡಿಎನ್‌ಎಸ್‌ಸೆಕ್ ಸಹಿಯನ್ನು ತಾನೇ ಪರಿಶೀಲಿಸುವ ಯಂತ್ರ ಮಾತ್ರ ಹೆಣೆದ ಉತ್ತರವನ್ನು ತಿರಸ್ಕರಿಸುತ್ತದೆ.

ಯಾವ ದಾರಿ ಹಿಡಿದರೂ ಮೊದಲು ಡೇಟಾಬೇಸ್ ತೆರೆದು ನೋಡಿ. ಐಪಿವಿ6 ವಿಳಾಸ ಉದ್ದ, ವಿಳಾಸದ ಕಾಲಂ 15 ಅಕ್ಷರದ್ದಾಗಿದ್ದರೆ ಅದನ್ನು 45ಕ್ಕೆ ಹಿಗ್ಗಿಸಿ, ಆಮೇಲೆ ರೂಟರ್ ಮುಟ್ಟಿ.